ಚಳಿಗೆ ಏನು ತೊಡಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಚಳಿ ಕಾಲಿಟ್ಟರೆ ಸಾಕು, ಸ್ವೆಟರ್, ಶಾಲು, ಜಾಕೆಟ್ಟಿನ ಪ್ರಶ್ನೆಗಳೇ ಬರುತ್ತವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ನೂಲು, ಬಟ್ಟೆಯ ಪಾಠ ಹೇಳಿಕೊಂಡು ಬಂದವಳು ನಾನು. ಬಿಡುವಾದರೆ ಕೈಯಲ್ಲಿ ಹೆಣಿಗೆ ಕಡ್ಡಿ ಇರುತ್ತದೆ. ಇಷ್ಟು ಪತ್ರ ಓದಿದ ಮೇಲೆ ನನಗನ್ನಿಸಿದ್ದು ಇಷ್ಟು: ಹೆಚ್ಚಿನವರಿಗೆ ಬೇಕಾದ ಬಟ್ಟೆ ಆಗಲೇ ಬೀರುವಿನಲ್ಲಿದೆ. ಯಾವುದರ ಮೇಲೆ ಯಾವುದನ್ನು ಹಾಕಬೇಕು, ಯಾವಾಗ ತೆಗೆಯಬೇಕು ಅನ್ನುವುದು ತಿಳಿದರೆ ಅರ್ಧ ಚಳಿ ಹೋದಂತೆಯೇ.

ಪ್ರಶ್ನೆ: ಅಕ್ಕಾ, ನನ್ನ ಹತ್ತಿರ ತುಂಬಾ ದಪ್ಪದ ಸ್ವೆಟರ್ ಇದೆ. ತೂಕವೂ ಜಾಸ್ತಿ. ಆದರೂ ಹೊರಗೆ ನಿಂತರೆ ಮೈ ನಡುಗುತ್ತದೆ. ನನ್ನ ಗೆಳತಿ ತೆಳ್ಳಗಿನ ಮೂರು ಬಟ್ಟೆ ಹಾಕಿಕೊಂಡು ಆರಾಮಾಗಿರುತ್ತಾಳೆ. ಇದು ಹೇಗೆ?

ಉತ್ತರ: ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ಶಾಖ ಕೊಡುವುದು ನಿಮ್ಮ ಮೈ. ಸುಮ್ಮನೆ ಕೂತ ದೊಡ್ಡವರ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಗೆ ಹೋಗುತ್ತಲೇ ಇರುತ್ತದೆ. ಅದು ಬೇಗ ಹೋಗದಂತೆ ತಡೆಯುವುದಷ್ಟೇ ಬಟ್ಟೆಯ ಕೆಲಸ. ಆ ಕೆಲಸದಲ್ಲೂ ನೂಲಿನ ಪಾಲು ಕಡಿಮೆ. ನೂಲಿನ ನಡುವೆ ಸಿಕ್ಕಿಕೊಂಡ ಗಾಳಿಯದ್ದೇ ದೊಡ್ಡ ಪಾಲು. ಅಲುಗದೆ ನಿಂತ ಗಾಳಿಯಲ್ಲಿ ಶಾಖ ಬಹಳ ನಿಧಾನವಾಗಿ ದಾಟುತ್ತದೆ. ನೀರಿನಲ್ಲಿ ಅದಕ್ಕಿಂತ ಸುಮಾರು 25 ಪಟ್ಟು ಬೇಗ ದಾಟುತ್ತದೆ. ಅಂದರೆ ಬಟ್ಟೆಯೊಳಗಿನ ಗಾಳಿ ಕದಲಬಾರದು, ಬಟ್ಟೆ ಒದ್ದೆಯಾಗಬಾರದು. ಮುಂದಿನ ಉತ್ತರಗಳಲ್ಲೂ ಇದೇ ಮಾತು ಮತ್ತೆ ಮತ್ತೆ ಬರುತ್ತದೆ.

ನಿಮ್ಮ ಗೆಳತಿಯ ಮೂರು ಬಟ್ಟೆಗಳ ನಡುವೆ ಎರಡು ಕಡೆ ಗಾಳಿ ನಿಂತಿದೆ. ನಿಮ್ಮ ಸ್ವೆಟರ್ ದಪ್ಪವಿದ್ದರೂ ಹೆಣಿಗೆಯ ಕುಣಿಕೆ ದೊಡ್ಡದಿರಬೇಕು. ಒಂದು ಸಣ್ಣ ಪರೀಕ್ಷೆ ಮಾಡಿ. ಸ್ವೆಟರನ್ನು ಬೆಳಕಿಗೆ ಹಿಡಿಯಿರಿ. ಆಮೇಲೆ ಅದನ್ನು ಬಾಯಿ ಹತ್ತಿರ ಹಿಡಿದು, ಆ ಕಡೆ ಅಂಗೈ ಇಟ್ಟು ಊದಿ. ಉಸಿರು ಅಂಗೈಗೆ ನೇರವಾಗಿ ಬಡಿದರೆ ಹೊರಗಿನ ಗಾಳಿಯೂ ಹಾಗೇ ಒಳಗೆ ನುಗ್ಗುತ್ತದೆ. ಒಳಗೆ ಬೆಚ್ಚಗಾದ ಗಾಳಿಯನ್ನು ಅದು ತಳ್ಳಿಕೊಂಡು ಹೋಗುತ್ತದೆ. ಸ್ವೆಟರನ್ನು ಬಿಸಾಡಬೇಡಿ, ಅದು ಒಳ್ಳೆಯದೇ. ಅದರ ಮೇಲೆ ಒತ್ತಾಗಿ ನೇಯ್ದ ಒಂದು ತೆಳು ಜಾಕೆಟ್ ಹಾಕಿ. ನೈಲಾನಿನದಾದರೂ ಸರಿ. ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಇದು ಹೊಸ ವಿದ್ಯೆಯೇನಲ್ಲ. 1924ರಲ್ಲಿ ಎವರೆಸ್ಟ್ ಏರಲು ಹೋಗಿ ಹಿಂತಿರುಗದ ಜಾರ್ಜ್ ಮಲ್ಲೊರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲೆ ಉಳಿದಿದ್ದ ಬಟ್ಟೆಯ ಚೂರುಗಳನ್ನು ನೋಡಿದರೆ ರೇಷ್ಮೆ, ಹತ್ತಿ, ಉಣ್ಣೆಯ ತೆಳು ಪದರಗಳು. ಎಲ್ಲದರ ಮೇಲೆ ಒತ್ತು ನೇಯ್ಗೆಯ ಗ್ಯಾಬರ್ಡಿನ್. 2006ರಲ್ಲಿ ಅದೇ ತರಹದ ಬಟ್ಟೆ ಮಾಡಿ ತೊಟ್ಟು ನೋಡಿದಾಗ ಹಗುರವಾಗಿಯೂ ಬೆಚ್ಚಗೂ ಇದ್ದವು.

ಇನ್ನೊಂದು ಮಾತು. ಮೇಲಿನ ಜಾಕೆಟ್ ಬಿಗಿಯಾಗಿದ್ದರೆ ಒಳಗಿನ ಗಾಳಿಯೆಲ್ಲ ಹಿಂಡಿಹೋಗುತ್ತದೆ. ಕೊಳ್ಳುವಾಗ ಸ್ವೆಟರ್ ಹಾಕಿಕೊಂಡೇ ಅದರ ಮೇಲೆ ಹಾಕಿ ನೋಡಿ. ಎರಡೂ ತೋಳಿನಿಂದ ನಿಮ್ಮನ್ನು ನೀವೇ ತಬ್ಬಿಕೊಳ್ಳಿ. ಬೆನ್ನಿನಲ್ಲಿ, ಕಂಕುಳಲ್ಲಿ ಎಳೆಯಬಾರದು.

ಪ್ರಶ್ನೆ: ನಸುಕಿನಲ್ಲಿ ಬಿರುಸಾಗಿ ನಡೆಯುವ ರೂಢಿ ನನಗೆ. ಚಳಿ ಅಂತ ಚೆನ್ನಾಗಿ ಹೊದ್ದುಕೊಂಡೇ ಹೊರಡುತ್ತೇನೆ. ಸ್ವಲ್ಪ ಹೊತ್ತಿಗೆ ಬೆವರು. ನಡಿಗೆ ಮುಗಿಸಿ ನಿಂತರೆ ಮೊದಲಿಗಿಂತ ಜಾಸ್ತಿ ಚಳಿ. ಒಳಗೆ ಹತ್ತಿಯ ಬನಿಯನ್, ಮೇಲೆ ಫ್ಲೀಸ್ ಜಾಕೆಟ್. ಎಲ್ಲಿ ತಪ್ಪುತ್ತಿದೆ?

ಉತ್ತರ: ಬನಿಯನ್ನಿನಲ್ಲಿ. ಹತ್ತಿಯ ಬಗ್ಗೆ ನನಗೆ ತುಂಬಾ ಪ್ರೀತಿ. ಆದರೆ ಬೆವರು ಬರುವ ಕೆಲಸಕ್ಕೆ, ಅದೂ ಚಳಿಯಲ್ಲಿ, ಮೈಗೆ ತಾಗಿ ಹತ್ತಿ ಬೇಡವೇ ಬೇಡ. ಬೇಸಿಗೆಯಲ್ಲಿ ಅದನ್ನು ಹಿತವಾಗಿಸುವ ಗುಣವೇ ಇಲ್ಲಿ ತೊಂದರೆ ಕೊಡುತ್ತದೆ. ಬೆವರನ್ನು ಕುಡಿದು, ಮೆತ್ತಗಾಗಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಗಾಳಿ ಇರಬೇಕಾದ ಜಾಗದಲ್ಲೆಲ್ಲ ನೀರು ತುಂಬುತ್ತದೆ. ನಡೆಯುವಾಗ ಮೈ ಬಿಸಿ ಇರುವುದರಿಂದ ಗೊತ್ತಾಗುವುದಿಲ್ಲ. ನಿಂತ ಕೂಡಲೇ ಆ ನೀರು ಆರುತ್ತಾ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ.

ಉಣ್ಣೆ ಹತ್ತಿಗಿಂತ ಜಾಸ್ತಿ ತೇವ ಹೀರುತ್ತದೆ, ಗೊತ್ತಾ? ಸಾಮಾನ್ಯ ಹವೆಯಲ್ಲಿಟ್ಟ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವ ಹಿಡಿದರೆ ಉಣ್ಣೆ ಸುಮಾರು 16 ಗ್ರಾಂ ಹಿಡಿಯುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ. ಆದರೆ ಉಣ್ಣೆ ಆವಿಯನ್ನು ಎಳೆಯ ಒಳಗೇ ಇಟ್ಟುಕೊಳ್ಳುತ್ತದೆ. ಮೇಲ್ಮೈ ಒಣಗಿದಂತೆಯೇ ಇರುತ್ತದೆ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವ ಕುಡಿದರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಆ ತೇವ ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಪಾಲಿಯೆಸ್ಟರ್ ಕೆಲಸ ಮಾಡುವ ರೀತಿ ಬೇರೆ. ತಾನು ಕುಡಿಯದೆ ಬೆವರನ್ನು ಹರಡಿ ಹೊರಗೆ ಸಾಗಿಸುತ್ತದೆ, ಬೇಗ ಒಣಗುತ್ತದೆ. ವಾಸನೆ ಮಾತ್ರ ಬೇಗ ಹಿಡಿಯುತ್ತದೆ. ತೆಳುವಾದ ಮೆರಿನೊ ಉಣ್ಣೆಯದಾಗಲಿ, ಪಾಲಿಯೆಸ್ಟರಿನ ಥರ್ಮಲ್, ಅಂದರೆ ಚಳಿಗೆಂದೇ ಮಾಡಿದ ಒಳ ಉಡುಪಾಗಲಿ, ಒಂದನ್ನು ಒಳಗೆ ಹಾಕಿ. ಮೈಗೆ ತಾಗಿರಬೇಕು, ಬಿಗಿಯಬಾರದು. ಮೇಲಿನ ಫ್ಲೀಸ್ ಹಾಗೇ ಇರಲಿ.

ನಾರ್ವೆಯ ಸೇನಾಧಿಕಾರಿ ಹೆನ್ರಿಕ್ ಬ್ರುನ್ 1933ರಲ್ಲಿ ಮೀನಿನ ಬಲೆಯಿಂದ ಒಳ ಅಂಗಿ ಮಾಡಿದರು. ಬಟ್ಟೆಗಿಂತ ತೂತೇ ಜಾಸ್ತಿ. ಮೇಲೊಂದು ಅಂಗಿ ಹಾಕಿದರೆ ಬಲೆಯ ಪ್ರತಿ ಕಣ್ಣಿನಲ್ಲೂ ಬೆಚ್ಚನೆ ಗಾಳಿ ನಿಲ್ಲುತ್ತದೆ. ಕತ್ತಿನ ಗುಂಡಿ ಬಿಚ್ಚಿದರೆ ಬೆವರಿನ ಆವಿ ಮೇಲಿನಿಂದ ಹೊರಗೆ ಹೋಗುತ್ತದೆ. ಅಂಥ ಬಲೆ ಬನಿಯನ್ ಈಗಲೂ ಸಿಗುತ್ತವೆ. ಬೆವರುವವರಿಗೆ ನನ್ನ ಮೊದಲ ಸಲಹೆ ಅದೇ.

ಹೊರಡುವ ರೀತಿಯೂ ಬದಲಾಗಬೇಕು. ಮನೆ ಬಾಗಿಲಲ್ಲಿ ತುಸು ಚಳಿ ಅನ್ನಿಸಬೇಕು. ಅಲ್ಲೇ ಬೆಚ್ಚಗಿದ್ದರೆ ಹೊದ್ದಿದ್ದು ಜಾಸ್ತಿಯಾಯಿತು ಅಂತ ತಿಳಿಯಿರಿ. ಬೆವರು ಬಂದ ಮೇಲೆ ಜಿಪ್ ಇಳಿಸಿ ಪ್ರಯೋಜನವಿಲ್ಲ, ಬರುವ ಮೊದಲೇ ಇಳಿಸಿ. ಮೊದಲು ಟೋಪಿ, ಆಮೇಲೆ ಗ್ಲೌಸ್, ಆಮೇಲೆ ಜಾಕೆಟ್ ತೆಗೆಯಿರಿ. ನಿಂತ ಕ್ಷಣವೇ, ಚಳಿ ಅನ್ನಿಸುವ ಮುಂಚೆಯೇ, ಮತ್ತೆ ಹಾಕಿಕೊಳ್ಳಿ.

ಪ್ರಶ್ನೆ: ಉಣ್ಣೆ ಹಾಕಿದರೆ ಮೈಯೆಲ್ಲ ಚುಚ್ಚುತ್ತದೆ. ಚಿಕ್ಕಂದಿನಿಂದಲೂ ಹೀಗೇ. ನನಗೆ ಉಣ್ಣೆ ಅಲರ್ಜಿ ಇರಬಹುದಾ?

ಉತ್ತರ: ಬಹುಪಾಲು ಮಂದಿಗೆ ಅದು ಅಲರ್ಜಿಯಲ್ಲ. ನಿಜವಾಗಿಯೂ ಚುಚ್ಚುತ್ತಿರುತ್ತದೆ. ನೂಲಿನಿಂದ ಹೊರಗೆ ಚಾಚಿದ ಎಳೆಯ ತುದಿ ದಪ್ಪವಿದ್ದರೆ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಒತ್ತುತ್ತದೆ. ಸುಮಾರು 30 ಮೈಕ್ರಾನಿಗಿಂತ ದಪ್ಪದ ಎಳೆಗಳಿಂದ ಈ ಕಾಟ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೆರಿನೊ ಕುರಿಯ ಉಣ್ಣೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣ. ಒಳ ಉಡುಪಿಗೆ ಬಳಸುವುದು 17ರಿಂದ 19. ಕ್ಯಾಶ್ಮೀರ್, ಅಂದರೆ ಮೇಕೆಯ ಮೃದು ಉಣ್ಣೆ, ಇನ್ನೂ ನಯ. ಚೀಟಿಯಲ್ಲಿ ಮೈಕ್ರಾನ್ ಬರೆದಿದ್ದರೆ ಅದನ್ನೇ ನೋಡಿ. ಇಲ್ಲದಿದ್ದರೆ ಬೆರಳಿನಿಂದ ಮುಟ್ಟಿ ತೀರ್ಮಾನಿಸಬೇಡಿ, ಬೆರಳ ತುದಿಯ ಚರ್ಮ ದಪ್ಪ. ಕುತ್ತಿಗೆಯ ಪಕ್ಕಕ್ಕೆ ಒತ್ತಿ, ಒಂದೆರಡು ನಿಮಿಷ ಹಾಗೇ ಹಿಡಿಯಿರಿ.

ಈಗಿರುವ ಸ್ವೆಟರ್ ಒಳಗೆ ತುಂಬುತೋಳಿನ, ಕತ್ತು ಮುಚ್ಚುವ ತೆಳು ಅಂಗಿ ಹಾಕಿದರೆ ಸಾಕು. ರೇಷ್ಮೆಯಾದರೆ ಇನ್ನೂ ಚೆಂದ. ಚುಚ್ಚುವುದರ ಜೊತೆಗೆ ದದ್ದು ಏಳುತ್ತಿದ್ದರೆ ಮಾತ್ರ ಚರ್ಮದ ವೈದ್ಯರಿಗೆ ತೋರಿಸಿ.

ಪ್ರಶ್ನೆ: ‘ವುಲನ್’ ಅಂತ ಹೇಳಿ ಕೊಟ್ಟರು. ಮನೆಗೆ ಬಂದು ಒಳಗಿನ ಚೀಟಿ ನೋಡಿದರೆ 100% ಅಕ್ರಿಲಿಕ್ ಅಂತಿದೆ. ಯಾವುದನ್ನು ನಂಬಲಿ?

ಉತ್ತರ: ಚೀಟಿಯನ್ನು. ಅಕ್ರಿಲಿಕ್ ಅಂದರೆ ಉಣ್ಣೆಯಂತೆ ಕಾಣುವ ಕೃತಕ ನೂಲು. ಅದು ಕೆಟ್ಟದ್ದಲ್ಲ. ಹಗುರ, ಚುಚ್ಚುವುದಿಲ್ಲ, ತೊಳೆಯಲು ಸುಲಭ, ಒಣಗಿದ್ದಾಗ ಬೆಚ್ಚಗೂ ಇರುತ್ತದೆ. ಉಣ್ಣೆಯ ಹಾಗೆ ತೇವವನ್ನು ನಿಭಾಯಿಸಲಾರದು ಅಷ್ಟೇ. ಚೀಟಿಯೇ ಇಲ್ಲದ ಬಟ್ಟೆಯಾದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಉಣ್ಣೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ, ಉರಿಯಿಂದ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಭಗ್ಗನೆ ಉರಿದು ಕರಗಿ ಗಟ್ಟಿ ಕರಿ ಮಣಿಯಾಗುತ್ತದೆ. ಇದೇ ಕಾರಣಕ್ಕೆ ಅಕ್ರಿಲಿಕ್ ಶಾಲು ಹೊದ್ದು ಬೆಂಕಿ ಕಾಯಿಸಬೇಡಿ, ಒಲೆಯ ಮುಂದೆ ನಿಲ್ಲಬೇಡಿ. ಕರಗಿದ್ದು ಚರ್ಮಕ್ಕೆ ಅಂಟುತ್ತದೆ.

ಪ್ರಶ್ನೆ: ಮುಂಜಾನೆ ಪಾಳಿ. ಕತ್ತಲಿರುವಾಗಲೇ ಬೈಕಿನಲ್ಲಿ ಹೊರಡಬೇಕು. ಗ್ಲೌಸ್ ಹಾಕಿದರೂ ಬೆರಳು ಮರಗಟ್ಟುತ್ತದೆ, ಬ್ರೇಕ್ ಹಿಡಿಯಲೂ ಆಗುವುದಿಲ್ಲ. ಎದೆಗೆ ಗಾಳಿ ಚುಚ್ಚಿದಂತಾಗುತ್ತದೆ. ಇನ್ನೂ ದಪ್ಪದ ಗ್ಲೌಸ್ ಕೊಳ್ಳಲಾ?

ಉತ್ತರ: ನಿಮ್ಮ ಪತ್ರ ಓದಿ ಕಳವಳವಾಯಿತು. ಬ್ರೇಕ್ ಹಿಡಿಯಲಾಗದಷ್ಟು ಮರಗಟ್ಟಿದರೆ ಗಾಡಿ ನಿಲ್ಲಿಸಿ, ಕೈಯನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಂಡೇ ಮುಂದೆ ಹೋಗಿ. ಕೆಲಸಕ್ಕೆ ತಡವಾದರೂ ಪರವಾಗಿಲ್ಲ.

ಇನ್ನು ಗಾಳಿಯ ವಿಷಯ. ಗಾಳಿ ಬೀಸಿದಾಗ ಚಳಿ ಎಷ್ಟು ಜಾಸ್ತಿ ತಾಗುತ್ತದೆ ಅಂತ ಮೊದಲು ಅಳೆದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್, 1940ರ ಸುಮಾರಿಗೆ ಅಂಟಾರ್ಟಿಕದಲ್ಲಿ. 2001ರಲ್ಲಿ ಅಮೆರಿಕ, ಕೆನಡಾದವರು ಆ ಲೆಕ್ಕವನ್ನು ತಿದ್ದಿದರು. ಈಗಿನ ಲೆಕ್ಕದ ಪ್ರಕಾರ 5 ಡಿಗ್ರಿ ಚಳಿಯಲ್ಲಿ ಗಂಟೆಗೆ 50 ಕಿಲೋಮೀಟರ್ ಗಾಳಿ ಬಡಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ ಕೆಳಗಿನ ಚಳಿ. ಗಾಳಿಯೇ ಬೀಸದ ದಿನವೂ ನೀವು ಬೈಕಿನಲ್ಲಿ ಆ ಗಾಳಿಯನ್ನು ಹುಟ್ಟಿಸಿಕೊಳ್ಳುತ್ತೀರಿ, ಅಲ್ವಾ? ಹಾಗಾಗಿ ನಿಮಗೆ ಬೇಕಿರುವುದು ದಪ್ಪವಲ್ಲ, ಗಾಳಿ ನುಸುಳದ ಹೊರಪದರ. ಉಣ್ಣೆಯ ಹೆಣಿಗೆ ಗ್ಲೌಸ್ ಎಷ್ಟು ದಪ್ಪವಿದ್ದರೂ ಬೈಕಿನಲ್ಲಿ ಸೋಲುತ್ತದೆ. ಅದರ ಮೇಲೆ ಗಾಳಿ ತಡೆಯುವ ಸಡಿಲ ಗ್ಲೌಸ್ ಹಾಕಿ. ಬಿಗಿ ಗ್ಲೌಸಿನಲ್ಲಿ ರಕ್ತ ಸರಿಯಾಗಿ ಓಡುವುದಿಲ್ಲ. ಗ್ಲೌಸ್ ಮಣಿಕಟ್ಟು ದಾಟಿ ಜಾಕೆಟ್ಟಿನ ತೋಳನ್ನು ಮುಚ್ಚಬೇಕು. ಆ ಎರಡು ಬೆರಳಗಲದ ಸಂದಿಯಿಂದ ನುಗ್ಗುವ ಗಾಳಿ ಇಡೀ ತೋಳನ್ನು ತಣ್ಣಗೆ ಮಾಡುತ್ತದೆ. ಹ್ಯಾಂಡಲ್ಲಿಗೇ ಕಟ್ಟುವ ದೊಡ್ಡ ಕವರ್ ಸಿಗುತ್ತದೆ. ಕೈಯನ್ನು ಅದರೊಳಗೆ ತೂರಿಸಿ ಓಡಿಸಬಹುದು. ನೋಡಲು ಹೇಗಾದರೂ ಇರಲಿ, ದಿನವೂ ಓಡಿಸುವವರಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಬೆರಳು ತಣ್ಣಗಾಗಲು ಇನ್ನೊಂದು ಕಾರಣ ನಿಮ್ಮ ಎದೆಯಲ್ಲಿದೆ. ಎದೆ, ಹೊಟ್ಟೆ ತಣ್ಣಗಾಗುತ್ತಿದೆ ಅಂತ ಗೊತ್ತಾದ ಕೂಡಲೇ ಮೈ ಕೈಕಾಲುಗಳ ರಕ್ತನಾಳಗಳನ್ನು ಸಣ್ಣ ಮಾಡುತ್ತದೆ. ಒಳಗಿನ ಅಂಗಗಳಿಗೆ ಶಾಖ ಉಳಿಸಬೇಕಲ್ಲ. ಎದೆ ಬೆಚ್ಚಗಾದರೆ ಬೆರಳಿಗೂ ರಕ್ತ ಬರುತ್ತದೆ. ಸೈಕಲ್ ರೇಸಿನವರು ಬೆಟ್ಟ ಇಳಿಯುವ ಮುಂಚೆ ಜೆರ್ಸಿಯೊಳಗೆ ಎದೆಗೆ ನ್ಯೂಸ್‌ಪೇಪರ್ ತುರುಕಿಕೊಳ್ಳುವ ಪದ್ಧತಿ ಬಹಳ ಹಳೆಯದು. ಟೂರ್ ದ ಫ್ರಾನ್ಸ್‌ನಲ್ಲೂ ಮಾಡುತ್ತಿದ್ದರು. ಕಾಗದ ಗಾಳಿ ತಡೆಯುತ್ತದೆ, ಬೆವರನ್ನೂ ಒಂದಿಷ್ಟು ಹೀರುತ್ತದೆ. ಹೊಸ ಜಾಕೆಟ್ ಬರುವವರೆಗೆ ನೀವೂ ಮಾಡಿ.

ಮಫ್ಲರಿನ ತುದಿಗಳನ್ನು ಜಾಕೆಟ್ಟಿನ ಒಳಗೇ ಸಿಕ್ಕಿಸಿ. ಹಾರಾಡುವ ತುದಿ ಚಕ್ರಕ್ಕೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಹಿಂದೆ ಕೂರುವವರ ಶಾಲು, ದುಪಟ್ಟಾಕ್ಕೂ ಇದೇ ಮಾತು. ಬೆರಳು ಬಿಳಿಚಿ, ಆಮೇಲೆ ನೀಲಿಯಾಗಿ, ಬೆಚ್ಚಗಾದಾಗ ಕೆಂಪಾಗಿ ನೋಯುತ್ತಿದ್ದರೆ ರೇನೋ ಅನ್ನುವ ತೊಂದರೆ ಇರಬಹುದು. ವೈದ್ಯರನ್ನು ಕೇಳಿ.

ಪ್ರಶ್ನೆ: ಓದಲು ಹೊರಟಿದ್ದೇನೆ ಮೇಡಂ. ಚಳಿಗಾಲದಲ್ಲಿ -20 ಡಿಗ್ರಿಗೆ ಇಳಿಯುವ ಊರು. ನಾನು ಹಿಮವನ್ನೇ ನೋಡಿಲ್ಲ. ಅಮ್ಮ ಐದು ಸ್ವೆಟರ್ ಕಟ್ಟಿಟ್ಟಿದ್ದಾರೆ. ಏನು ಒಯ್ಯಲಿ, ಏನು ಅಲ್ಲಿ ಕೊಳ್ಳಲಿ?

ಉತ್ತರ: ಐದರಲ್ಲಿ ಎರಡು ಸಾಕು, ತೆಳ್ಳಗಿನವು. ಅವುಗಳ ಜೊತೆ ಮೇಲೆ-ಕೆಳಗೆ ಎರಡೂ ಇರುವ ಥರ್ಮಲ್ ಎರಡು ಮೂರು ಜೊತೆ, ಉಣ್ಣೆಯ ಕಾಲುಚೀಲ ಒಯ್ಯಿರಿ. ಕೋಟು, ಬೂಟು ಮಾತ್ರ ಅಲ್ಲೇ ಕೊಳ್ಳಿ. ಆ ಚಳಿಯಲ್ಲಿ ಬದುಕುವವರಿಗೆಂದೇ ಮಾಡಿದ್ದು ಅಲ್ಲಿ ಸಿಗುತ್ತದೆ.

ಅಂಥ ಊರುಗಳಲ್ಲಿ ಕ್ಲಾಸು, ಬಸ್ಸು, ಮನೆಯೆಲ್ಲ ಬೆಚ್ಚಗಿರುತ್ತವೆ, 20 ಡಿಗ್ರಿ ಆಸುಪಾಸು. ಒಂದೇ ದಿನದಲ್ಲಿ ಎಷ್ಟೋ ಸಲ ಆ ಚಳಿಗೂ ಈ ಬಿಸಿಗೂ ಓಡಾಡುತ್ತೀರಿ. ಹಾಗಾಗಿ ಬೇಗ ಬಿಚ್ಚಿ ಬೇಗ ಹಾಕುವಂಥ ಬಟ್ಟೆ ಬೇಕು. ಮುಂದೆ ಜಿಪ್ ಇರುವ ಸ್ವೆಟರ್ ತಲೆಯ ಮೇಲಿಂದ ಹಾಕುವುದಕ್ಕಿಂತ ಒಳ್ಳೆಯದು. ತೀರಾ ದಪ್ಪ ಥರ್ಮಲ್ ಬೇಡ. ಅದನ್ನು ಕ್ಲಾಸಿನಲ್ಲಿ ಬಿಚ್ಚಲಾಗುವುದಿಲ್ಲ, ಬೆವರುತ್ತೀರಿ, ಅದೇ ಬೆವರಿನಲ್ಲಿ ಹೊರಗೆ ಬರುತ್ತೀರಿ.

ಕೋಟು ತೊಡೆ ಮುಚ್ಚುವಷ್ಟು ಉದ್ದವಿರಲಿ. ಟೋಪಿ ಕೋಟಿಗೇ ಸೇರಿರಲಿ. ಜಿಪ್ಪಿನ ಮೇಲೆ ಗಾಳಿ ತಡೆಯುವ ಪಟ್ಟಿ ಇದೆಯಾ, ಮಣಿಕಟ್ಟಿನಲ್ಲಿ ಒಳಪಟ್ಟಿ ಇದೆಯಾ ನೋಡಿ. ಒಳಗೆ ಡೌನ್ ಇರುವುದಾ, ಸಿಂಥೆಟಿಕ್ ಹತ್ತಿಯಂಥದ್ದು ಇರುವುದಾ ಅನ್ನುವುದು ಮುಂದಿನ ಪ್ರಶ್ನೆ. ಡೌನ್ ಅಂದರೆ ಬಾತುಕೋಳಿ, ಹೆಬ್ಬಾತಿನ ಗರಿಗಳ ಕೆಳಗಿರುವ ಮೃದು ತುಪ್ಪಳ. ಅದಕ್ಕೆ ದಂಟಿಲ್ಲ, ಎಲ್ಲ ಕಡೆಗೂ ಎಳೆ ಚಾಚಿಕೊಂಡು ಗಾಳಿ ಹಿಡಿಯುತ್ತದೆ. ಚೀಟಿಯಲ್ಲಿ 600, 800 ಅಂತ ಫಿಲ್ ಪವರ್ ಬರೆದಿರುತ್ತಾರೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಡೌನ್ ಎಷ್ಟು ಘನ ಅಂಗುಲ ಉಬ್ಬುತ್ತದೆ ಅನ್ನುವ ಲೆಕ್ಕ ಅದು. 800 ಇದ್ದರೆ ಹಗುರ, ಆದರೆ 800 ಅಂದ ಮಾತ್ರಕ್ಕೆ ಜಾಸ್ತಿ ಬೆಚ್ಚಗೆ ಅಂತಲ್ಲ. ಎಷ್ಟು ಗ್ರಾಂ ತುಂಬಿದ್ದಾರೆ ಅನ್ನುವುದೂ ಮುಖ್ಯ. ಓಡಾಡುವ ವಿದ್ಯಾರ್ಥಿಗೆ 600ರ ಆಸುಪಾಸಿನದು ಧಾರಾಳ ಸಾಕು. ಡೌನಿನ ದೌರ್ಬಲ್ಯ ನೀರು. ನೆನೆದರೆ ಚಪ್ಪಟೆ, ಗಾಳಿಯೇ ಉಳಿಯದು. -20ರ ಒಣ ಚಳಿಗೆ ಡೌನ್ ಆರಿಸಿ. ಸೊನ್ನೆಯ ಆಸುಪಾಸಿನಲ್ಲಿ ಮಳೆಯೂ ಹಿಮವೂ ಬೆರೆತು ಸುರಿಯುವ ಕಡೆಗೆ ಹೋಗುವವರು ಸಿಂಥೆಟಿಕ್ ಆರಿಸಲಿ.

ಬೂಟಿನ ವಿಷಯದಲ್ಲಿ ಹಿಂಜರಿಯದೆ ಖರ್ಚು ಮಾಡಿ. ಕೋಟಿಗಿಂತ ಅದೇ ಮುಖ್ಯ ಅಂತ ನನ್ನ ಅಭಿಪ್ರಾಯ. ಹೆಪ್ಪುಗಟ್ಟಿದ ನೆಲ ಅಂಗಾಲಿನಿಂದ ನೇರವಾಗಿ ಶಾಖ ಎಳೆಯುತ್ತದೆ. ದಪ್ಪ ಅಟ್ಟೆ, ಒಳಗೆ ಉಣ್ಣೆಯ ಇಲ್ಲವೇ ಫೆಲ್ಟಿನ ಮೆತ್ತೆ ಇರಬೇಕು, ಅದನ್ನು ತೆಗೆದು ಒಣಗಿಸುವ ಹಾಗಿರಬೇಕು. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಬೆರಳುಗಳು ಒಳಗೆ ಸರಾಗವಾಗಿ ಆಡಬೇಕು. ಚಳಿ ಅಂತ ಎರಡು ಮೂರು ಕಾಲುಚೀಲ ತುರುಕಿದರೆ ಬೂಟು ಬಿಗಿಯಾಗಿ ಕಾಲು ಇನ್ನೂ ತಣ್ಣಗಾಗುತ್ತದೆ.

ಎಲ್ಲರೂ ಕಾಲನ್ನು ಮರೆಯುತ್ತಾರೆ. ಮೇಲೆ ಮೂರು ಪದರ, ಕೆಳಗೆ ಒಂದೇ ಜೀನ್ಸ್. ಜೀನ್ಸ್ ಅಂದರೆ ಹತ್ತಿ. ಹಿಮ ತಾಗಿದರೆ ನೆನೆದು ಬಿರುಸಾಗುತ್ತದೆ. ಒಳಗೆ ಥರ್ಮಲ್ ಇರಲೇಬೇಕು. ಕೈಗೆ ಐದು ಬೆರಳಿನ ಗ್ಲೌಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಬೆರಳುಗಳು ಒಂದಕ್ಕೊಂದು ಶಾಖ ಕೊಡುತ್ತವೆ. ಫೋನ್ ಹಿಡಿಯಲು ಒಳಗೊಂದು ತೆಳು ಗ್ಲೌಸ್ ಹಾಕಿ. ಮೂಗು, ಕೆನ್ನೆ, ಕಿವಿಯಲ್ಲಿ ಎಲ್ಲಾದರೂ ಸ್ಪರ್ಶವೇ ಗೊತ್ತಾಗದ ಬಿಳಿಚಿದ ಕಲೆ ಕಂಡರೆ ತಕ್ಷಣ ಒಳಗೆ ಹೋಗಿ, ಬೆಚ್ಚನೆ ಅಂಗೈ ಒತ್ತಿ ಹಿಡಿಯಿರಿ. ಉಜ್ಜಬೇಡಿ, ಹಿಮದಿಂದಂತೂ ಉಜ್ಜಲೇಬೇಡಿ. ಕಲೆ ಹೋಗದಿದ್ದರೆ, ಸ್ಪರ್ಶ ಬರದಿದ್ದರೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದಂತೆ. ಹೌದಾ?

ಉತ್ತರ: ಅಲ್ಲ. ಅಮೆರಿಕದ ಸೇನೆಯ 1970ರ ಕೈಪಿಡಿಯೊಂದರಲ್ಲಿ ನೂರಕ್ಕೆ 40ರಿಂದ 45 ಅಂತ ಬರೆದಿದ್ದರು. ಅದು ಹರಡಿತು. ದೊಡ್ಡವರ ಮೈಯಲ್ಲಿ ತಲೆಯ ಪಾಲು ಹತ್ತರಲ್ಲೊಂದು, ಅಲ್ಲಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಹಾಗಂತ ಟೋಪಿ ಬಿಡಬೇಡಿ. ಮುಖ, ಕಿವಿಗೆ ಚಳಿ ಬೇಗ ತಾಗುತ್ತದೆ. ಉಳಿದ ಮೈಯೆಲ್ಲ ಮುಚ್ಚಿ ತಲೆಯೊಂದನ್ನೇ ತೆರೆದಿಟ್ಟರೆ ಶಾಖ ಹೋಗಲು ದಾರಿ ಅದೇ ತಾನೆ?

ಪ್ರಶ್ನೆ: ಅಮ್ಮನಿಗೆ 78. ದಿನವೆಲ್ಲ ಕುರ್ಚಿಯಲ್ಲೇ. ಸ್ವೆಟರ್ ಕೊಟ್ಟರೆ ‘ನನಗೇನೂ ಚಳಿಯಿಲ್ಲ’ ಅಂತಾರೆ. ಕೈ ಮುಟ್ಟಿದರೆ ತಣ್ಣಗೆ. ತಲೆಯ ಮೇಲಿಂದ ಹಾಕಿಸಲು ಹೋದರೆ ಭುಜ ನೋವು ಅಂತ ಬೇಸರ ಮಾಡಿಕೊಳ್ಳುತ್ತಾರೆ. ಹಟ ಜಾಸ್ತಿಯಾಗಿದೆ, ಏನು ಮಾಡಲಿ?

ಉತ್ತರ: ದಯವಿಟ್ಟು ಅದನ್ನು ಹಟ ಅನ್ನಬೇಡಿ. ವಯಸ್ಸಾದಂತೆ ಚಳಿ ಗೊತ್ತಾಗುವುದೇ ಕಡಿಮೆಯಾಗುತ್ತದೆ. ನಡುಕವೂ ಸರಿಯಾಗಿ ಬರುವುದಿಲ್ಲ. ‘ಚಳಿಯಿಲ್ಲ’ ಅನ್ನುವುದು ಅವರ ಪಾಲಿಗೆ ನಿಜವೇ. ಮೈ ಮಾತ್ರ ತಣ್ಣಗಾಗುತ್ತಿರುತ್ತದೆ. ಇನ್ನೊಂದು ವಿಷಯ. ನೀವು ಮನೆಯಲ್ಲಿ ಓಡಾಡುತ್ತಾ ಕೆಲಸ ಮಾಡುತ್ತೀರಿ, ಕೂತವರಿಗಿಂತ ಎರಡು ಪಟ್ಟು ಶಾಖ ನಿಮ್ಮ ಮೈಯಲ್ಲಿ ಹುಟ್ಟುತ್ತಿರುತ್ತದೆ. ನಿಮಗೆ ಹಿತವಾದ ಕೋಣೆ ಅವರಿಗೆ ತಣ್ಣಗೇ.

ಮೊದಲು ಬಟ್ಟೆಯ ರೂಪ ಬದಲಿಸಿ. ಮುಂದೆ ತೆರೆಯುವ ಸ್ವೆಟರ್, ದೊಡ್ಡ ಗುಂಡಿ, ಅಗಲ ತೋಳು. ನೋವಿರುವ ಕೈಗೆ ಮೊದಲು ತೋಳು ಹಾಕಿಸಿ, ಆಮೇಲೆ ಇನ್ನೊಂದಕ್ಕೆ. ತೆಗೆಯುವಾಗ ನೋವಿಲ್ಲದ ಕೈ ಮೊದಲು. ತೋಳೇ ಬೇಡ ಅಂದರೆ ತೋಳಿಲ್ಲದ ಉಣ್ಣೆಯ ಜಾಕೆಟ್ ಕೊಡಿ. ಎದೆ, ಬೆನ್ನು ಬೆಚ್ಚಗಿದ್ದರೆ ಬಹಳಷ್ಟು ಕೆಲಸ ಆದಂತೆ. ತೂಕದ ಬಟ್ಟೆ ವಯಸ್ಸಾದವರಿಗೆ ಭಾರ ಅನ್ನಿಸುತ್ತದೆ. ತೆಳು ಉಣ್ಣೆ ಎರಡು, ಇಲ್ಲವೇ ಹಗುರದ ಫ್ಲೀಸ್ ನೋಡಿ. ಬಣ್ಣವನ್ನು ಅವರೇ ಆರಿಸಲಿ. ಹಾಕಿಸುವ ಮುಂಚೆ ಬಟ್ಟೆಯನ್ನು ಬಿಸಿಲಿನಲ್ಲಿಟ್ಟು ಬೆಚ್ಚಗೆ ಮಾಡಿ ಕೊಡಿ. ತಣ್ಣನೆ ಬಟ್ಟೆ ಮೈಗೆ ತಾಗುವುದೇ ಅವರಿಗೆ ಬೇಡವಾಗಿರಬಹುದು.

ಕುರ್ಚಿಯ ಮೇಲೂ ಬೆನ್ನಿಗೂ ಕಂಬಳಿ ಮಡಚಿ ಹಾಕಿ. ಮಡಿಲ ಮೇಲೆ ಒಂದು ಶಾಲು ಹೊದಿಸಿ. ಪಾದ ನೆಲಕ್ಕೆ ತಾಗದಂತೆ ಕೆಳಗೆ ದಪ್ಪ ಮ್ಯಾಟ್ ಇರಲಿ. ಕಾಲುಚೀಲದ ಬಾಯಿ ಸಡಿಲವಿರಬೇಕು. ಸಂಜೆ ತೆಗೆದಾಗ ಕಾಲಿನ ಮೇಲೆ ಗೆರೆ ಮೂಡಿದ್ದರೆ ಅದು ಬಿಗಿ ಅಂತಲೇ. ಅಡಿಯಲ್ಲಿ ಜಾರದ ರಬ್ಬರ್ ಚುಕ್ಕಿ ಇರುವುದನ್ನೇ ಕೊಳ್ಳಿ. ಬೀಳುವುದು ಚಳಿಗಿಂತ ದೊಡ್ಡ ಅಪಾಯ. ಬಿಸಿನೀರಿನ ಚೀಲ ಕೊಡುವುದಾದರೆ ಬಟ್ಟೆ ಸುತ್ತಿ ಕೊಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಕಾಲಿಗೆ ಇಡಲೇಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಕೈ ಮುಟ್ಟಿ ನೋಡಿದರೆ ಸಾಲದು. ಹೊಟ್ಟೆ ಮುಟ್ಟಿ ನೋಡಿ. ಅದೂ ತಣ್ಣಗಿದ್ದು, ಮಾತು ತೊದಲುತ್ತಾ, ಗೊಂದಲಗೊಂಡು, ತೂಕಡಿಸುತ್ತಿದ್ದರೆ ಮೈಯ ಶಾಖ ಅಳೆಯಿರಿ. 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಒಂದು ಕ್ಷಣವೂ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಾಲ್ಕು ತಿಂಗಳ ಕೂಸು. ಎಷ್ಟು ಬಟ್ಟೆ ಹಾಕಲಿ? ಮನೆಯಲ್ಲಿ ಎಲ್ಲರೂ ಒಂದೊಂದು ಹೇಳುತ್ತಾರೆ.

ಉತ್ತರ: ನಿಮಗೆ ಹಿತವಾಗಿರುವುದಕ್ಕಿಂತ ಒಂದೇ ಒಂದು ಪದರ ಜಾಸ್ತಿ. ಕೂಸಿನ ಕೈಕಾಲು ತಣ್ಣಗಿರುವುದು ಸಹಜ, ಅದನ್ನು ನೋಡಿ ಗಾಬರಿಯಾಗಿ ಹೊದಿಸಬೇಡಿ. ಹಿಂಗತ್ತು, ಎದೆ ಮುಟ್ಟಿ. ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಮಲಗಿಸುವಾಗ ಮನೆಯೊಳಗೆ ಟೋಪಿ ಬೇಡ, ಸಡಿಲ ಕಂಬಳಿ ಬೇಡ, ಅದು ಮುಖಕ್ಕೆ ಸರಿಯುತ್ತದೆ. ತೊಡಿಸುವಂಥ ಚೀಲದ ಹೊದಿಕೆ ಸಿಗುತ್ತದೆ, ಅದೇ ಒಳ್ಳೆಯದು. ಅತಿಯಾಗಿ ಬಿಸಿಯಾಗುವುದು ಕೂಸಿಗೆ ಚಳಿಯಷ್ಟೇ ಅಪಾಯ. ಕಾರಿನ ಸೀಟಿನಲ್ಲಿ ಕೂರಿಸುವಾಗ ಉಬ್ಬಿದ ಜಾಕೆಟ್ ತೆಗೆದೇ ಬೆಲ್ಟ್ ಕಟ್ಟಿ, ಆಮೇಲೆ ಮೇಲಿಂದ ಹೊದಿಸಿ. ಜಾಕೆಟ್ ಮೇಲೆ ಕಟ್ಟಿದರೆ ಡಿಕ್ಕಿಯಾದಾಗ ಅದು ಒತ್ತಿಹೋಗಿ ಬೆಲ್ಟ್ ಸಡಿಲವಾಗುತ್ತದೆ.

ಪ್ರಶ್ನೆ: ಡೌನ್ ಜಾಕೆಟ್ ತೊಳೆದೆ. ಈಗ ಚಪ್ಪಟೆಯಾಗಿ ಅಲ್ಲಲ್ಲಿ ಗಂಟು ಕಟ್ಟಿದೆ. ಬಿಸಾಡುವುದೇ ಗತಿಯಾ?

ಉತ್ತರ: ಬಿಸಾಡಬೇಡಿ, ಅದಿನ್ನೂ ಪೂರ್ತಿ ಒಣಗಿಲ್ಲ ಅಷ್ಟೇ. ಹೊರಗಿನ ಬಟ್ಟೆ ಒಣಗಿದ್ದರೂ ಒಳಗಿನ ತುಪ್ಪಳ ಹಸಿಯಾಗಿರುತ್ತದೆ. ಮೂಸಿ ನೋಡಿ, ಒದ್ದೆ ಗರಿಯ ವಾಸನೆ ಬಂದರೆ ಖಚಿತ. ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ, ಎರಡು ಮೂರು ಶುಭ್ರವಾದ ಟೆನಿಸ್ ಚೆಂಡುಗಳ ಜೊತೆ ತಿರುಗಿಸಿ. ಚೆಂಡು ಬಡಿದು ಗಂಟು ಬಿಡಿಸುತ್ತದೆ. ಗಂಟೆಗಟ್ಟಲೆ ಬೇಕಾಗಬಹುದು. ಡ್ರೈಯರ್ ಇಲ್ಲದಿದ್ದರೆ ಗಾಳಿಯಾಡುವ ಕಡೆ ಚಪ್ಪಟೆಯಾಗಿ ಹರಡಿ. ಆಗಾಗ ಒಂದೊಂದೇ ಗಂಟನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದು ಬಿಡಿಸಿ, ಜಾಕೆಟನ್ನು ಕೊಡವಿ, ಮಗುಚಿ ಹಾಕಿ. ಇನ್ನು ಮುಂದೆ ಹಿಂಡಬೇಡಿ, ಬಟ್ಟೆ ಮೃದುಮಾಡುವ ದ್ರವ ಹಾಕಬೇಡಿ.

ಪ್ರಶ್ನೆ: ನೀರು ತಡೆಯುವ, ಬೆವರು ಬಿಡುವ ಜಾಕೆಟ್ ಅಂತ ಕೊಂಡೆ. ಈಗ ಮಳೆಯಲ್ಲಿ ಒಳಗೆಲ್ಲ ಒದ್ದೆ. ತೂತು ಬಿದ್ದಿರಬಹುದಾ?

ಉತ್ತರ: ತೂತಿಗಿಂತ ಬೆವರೇ ಇರುವ ಸಾಧ್ಯತೆ ಜಾಸ್ತಿ. ಬಾಬ್ ಗೋರ್ 1969ರಲ್ಲಿ ಕಂಡುಹಿಡಿದ ಗೋರ್-ಟೆಕ್ಸ್ ತರಹದ ಪೊರೆಯಲ್ಲಿ ಬೆವರಿನ ಆವಿ ಹೊರಹೋಗುವಷ್ಟು ಸಣ್ಣ ರಂಧ್ರಗಳಿರುತ್ತವೆ, ನೀರಿನ ಹನಿ ಒಳಬರಲಾರದು. ಆದರೆ ಪೊರೆಯ ಮೇಲಿನ ಬಟ್ಟೆಗೆ ನೀರು ಜಾರುವ ಲೇಪನವಿರುತ್ತದೆ. ಅದು ಸವೆದರೆ ಬಟ್ಟೆ ನೆನೆಯುತ್ತದೆ, ಆವಿಗೆ ದಾರಿ ಮುಚ್ಚುತ್ತದೆ, ಒಳಗೇ ನೀರಾಗುತ್ತದೆ. ಮೇಲೆ ನೀರು ಚಿಮುಕಿಸಿ ನೋಡಿ. ಹನಿ ಉರುಳದೆ ಹೀರಿಕೊಂಡರೆ ಜಾಕೆಟ್ ತೊಳೆದು, ಚೀಟಿಯಲ್ಲಿ ಹೇಳಿದಂತೆ ಕಡಿಮೆ ಬಿಸಿ ಕೊಡಿ. ಅದಕ್ಕೂ ಬಗ್ಗದಿದ್ದರೆ ಲೇಪನದ ಸ್ಪ್ರೇ ಸಿಗುತ್ತದೆ.

ಪ್ರಶ್ನೆ: ಕಳೆದ ವರ್ಷ ಎತ್ತಿಟ್ಟ ಉಣ್ಣೆಯ ಶಾಲು, ಸ್ವೆಟರಿನಲ್ಲಿ ಸಣ್ಣ ಸಣ್ಣ ತೂತು. ನುಸಿ ಗುಳಿಗೆ ಹಾಕಿದ್ದೆ. ಆದರೂ ಹೀಗೇಕೆ?

ಉತ್ತರ: ತೊಳೆಯದೆ ಎತ್ತಿಟ್ಟಿದ್ದಿರಾ? ಬಟ್ಟೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳ. ಉಣ್ಣೆ, ರೇಷ್ಮೆಯ ಪ್ರೋಟೀನು ಅದಕ್ಕೆ ಆಹಾರ. ಬೆವರು, ಎಣ್ಣೆಯ ಕಲೆ ಇರುವ ಕತ್ತು, ಕಂಕುಳೆಂದರೆ ಇನ್ನೂ ಇಷ್ಟ. ಈಗ ಇಡೀ ಬೀರು ಖಾಲಿ ಮಾಡಿ, ಮೂಲೆಗಳನ್ನು ಒರೆಸಿ. ಉಣ್ಣೆ ಬಟ್ಟೆಗಳನ್ನೆಲ್ಲ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ. ಒಳಗಿರುವ ಮೊಟ್ಟೆ, ಹುಳ ಸಾಯುತ್ತವೆ.

ಆಮೇಲೆ ತೊಳೆಯಿರಿ. ನೀರು 30 ಡಿಗ್ರಿ ದಾಟಬಾರದು. ಉಣ್ಣೆಗೆಂದೇ ಇರುವ ಸೋಪು ಹಾಕಿ, ಉಜ್ಜದೆ ಅದ್ದಿ ಅದ್ದಿ ತೆಗೆಯಿರಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಪೊರೆಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಗಿಡ್ಡವಾಗುತ್ತದೆ. ಹಿಂಡಬೇಡಿ. ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಮಡಚಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ಗುಳಿಗೆಯ ಆವಿ ಡಬ್ಬದೊಳಗೇ ನಿಂತರೆ ಮಾತ್ರ ಕೆಲಸ ಮಾಡುತ್ತದೆ. ಸಂದಿ ಇರುವ ಬೀರುವಿನಲ್ಲಿ ಅದು ಹೊರಗೆ ಹೋಗಿ ನಿಮ್ಮ ಉಸಿರಿಗೆ ಸೇರುತ್ತದೆ. ಕೂಸುಗಳ ಬಟ್ಟೆಗೆ ಗುಳಿಗೆ ಇಡಲೇಬೇಡಿ.

ತೂತು ಬಿದ್ದವನ್ನು ಹಾಗೇ ತೊಳೆಯಬೇಡಿ, ಕುಣಿಕೆ ಬಿಚ್ಚುತ್ತಾ ಹೋಗುತ್ತದೆ. ಮೊದಲು ಅದೇ ಬಣ್ಣದ ಉಣ್ಣೆ ನೂಲು ತೆಗೆದುಕೊಳ್ಳಿ. ತೂತಿನ ಸುತ್ತ ಬಿಚ್ಚಿಕೊಂಡ ಕುಣಿಕೆಗಳನ್ನು ಒಂದೊಂದಾಗಿ ಸೂಜಿಗೆ ಹಿಡಿದು, ಅಡ್ಡಕ್ಕೂ ಉದ್ದಕ್ಕೂ ಎಳೆ ಹಾಯಿಸಿ ಮುಚ್ಚಿ. ನೂಲನ್ನು ಬಿಗಿಯಾಗಿ ಎಳೆಯಬೇಡಿ, ಸುತ್ತಲಿನ ಹೆಣಿಗೆ ಸುಕ್ಕುಗಟ್ಟುತ್ತದೆ.